ಅಜ್ಜನ ಕಟ್ಟಿನಲ್ಲಿ ನಾಲ್ಕು ಸೆಟಲ್‌ಮೆಂಟ್

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಕಾಗದಪತ್ರಗಳ ಕಟ್ಟು ಬಿಚ್ಚಿ, ಮಕ್ಕಳಿಗೆ ಮುಂದೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಪಟ್ಟಿ ಬರೆಯುತ್ತಿದ್ದೇನೆ. ‘ಸೆಟಲ್‌ಮೆಂಟ್’ ಎಂಬ ಇಂಗ್ಲಿಷ್ ಶಬ್ದ ನಾಲ್ಕು ಕಡೆ ಸಿಕ್ಕಿತು. ಮದ್ರಾಸು ಕಾಲದ ಸೆಟಲ್‌ಮೆಂಟ್ ರಿಜಿಸ್ಟರಿನ ಒಂದು ನಕಲು. 1978ರಲ್ಲಿ ಅಜ್ಜ ನಮ್ಮ ಅಪ್ಪನ ಹೆಸರಿಗೆ ಬರೆಸಿ ನೋಂದಾಯಿಸಿದ ಸೆಟಲ್‌ಮೆಂಟ್ ಡೀಡ್. ಅಪ್ಪನ ಸಾಲದ ಬಗ್ಗೆ ಬ್ಯಾಂಕಿನಿಂದ ಬಂದ ಒನ್ ಟೈಮ್ ಸೆಟಲ್‌ಮೆಂಟ್ ಪತ್ರ. ದುಬೈಯಲ್ಲಿ ಕೆಲಸ ಬಿಡುತ್ತಿರುವ ತಮ್ಮ ಕಳಿಸಿದ ಫೈನಲ್ ಸೆಟಲ್‌ಮೆಂಟ್ ಲೆಕ್ಕ. ನಾಲ್ಕಕ್ಕೂ ‘ಇತ್ಯರ್ಥ’ ಎಂದು ಬರೆದರೆ ಸಾಕೇ? ಇನ್ನೊಂದು ಕಷ್ಟವೂ ಇದೆ. “ಸೆಟಲ್‌ಮೆಂಟ್ ಅಂದರೆ ರಾಜಿ, ರಾಜಿಗೆ ಎಲ್ಲರ ಸಹಿ ಬೇಕು, ಅಜ್ಜ ಒಬ್ಬರೇ ಸಹಿ ಹಾಕಿದ ಡೀಡ್ ನಿಲ್ಲುವುದಿಲ್ಲ” ಎಂದು ಚಿಕ್ಕಪ್ಪನ ಮಗ ಹೇಳುತ್ತಿದ್ದಾನೆ. ಹೌದೇ?

ಉತ್ತರ: ನಿಮ್ಮ ಚಿಕ್ಕಪ್ಪನ ಮಗನ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಮನೆಯೊಳಗೆ ಮಾತು ಬೆಳೆಯುವುದು ಬೇಡ. ಅಜ್ಜನ ಡೀಡಿನಲ್ಲಿರುವ ಸೆಟಲ್‌ಮೆಂಟ್ ರಾಜಿ ಅಲ್ಲ. ಅದಕ್ಕೆ ಎಲ್ಲರ ಸಹಿ ಬೇಕಾಗಿಲ್ಲ. ಆಸ್ತಿ ಕೊಡುವವರ ಸಹಿ, ಸಾಕ್ಷಿಗಳ ಸಹಿ, ನೋಂದಣಿ ಇಷ್ಟಿದ್ದರೆ ಆಧಾರದ (ದಸ್ತಾವೇಜಿನ) ರೂಪದಲ್ಲಿ ಕೊರತೆ ಇಲ್ಲ. ಅಜ್ಜನಿಗೆ ಅಷ್ಟೂ ಜಾಗವನ್ನು ಕೊಡುವ ಹಕ್ಕು ಇತ್ತೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ. ನಾಲ್ಕಕ್ಕೂ ‘ಇತ್ಯರ್ಥ’ ಎಂದು ಬರೆಯಬೇಡಿ. ಹಾಗೆ ಬರೆದರೆ ಇವತ್ತು ಚಿಕ್ಕಪ್ಪನ ಮಗನಿಗೆ ಬಂದ ಸಂಶಯವೇ ನಾಳೆ ನಿಮ್ಮ ಮಕ್ಕಳಿಗೂ ಬರುತ್ತದೆ.

ಶಬ್ದದ ಬೇರು ನೋಡಿದರೆ ಗೊಂದಲ ಎಲ್ಲಿಂದ ಹುಟ್ಟಿತು ಎಂದು ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಸೆಟ್ಲ್’ ಎಂದರೆ ಕೂರುವ ಜಾಗ, ಆಸನ. ಬೆನ್ನಿಗೆ ಎತ್ತರದ ಹಲಗೆ ಇರುವ ಉದ್ದದ ಮರದ ಬೆಂಚಿಗೆ ಇವತ್ತಿಗೂ ಇಂಗ್ಲಿಷಿನಲ್ಲಿ ‘ಸೆಟಲ್’ ಎಂಬ ಹೆಸರಿದೆ. ಅಲ್ಲಿಂದ ‘ಸೆಟಲ್ ಆಗು’ ಎಂದರೆ ಅಲುಗಾಡುತ್ತಿದ್ದದ್ದು ಒಂದು ಕಡೆ ಕೂರುವುದು. ನೀರಿನಲ್ಲಿ ಕದಡಿದ ಮಣ್ಣು ತಳಕ್ಕೆ ಕೂರುತ್ತದೆ, ಅಲೆಯುತ್ತಿದ್ದವರು ಒಂದು ಊರಿನಲ್ಲಿ ನೆಲೆಯಾಗುತ್ತಾರೆ. ಜಗಳ ಬಗೆಹರಿಯಿತು ಎಂಬ ಅರ್ಥ ಬರುವುದಕ್ಕೆ ರಾಜಿ ಮಾಡಿಸು ಎಂಬ ಅರ್ಥದ ‘ಸಾಖ್ಟ್ಲೆನ್’ ಎಂಬ ಇನ್ನೊಂದು ಹಳೆಯ ಕ್ರಿಯಾಪದದ ಸಹವಾಸವೂ ಕಾರಣವಾಗಿರಬಹುದು ಎಂದು ಶಬ್ದಕೋಶದವರು ಹೇಳುತ್ತಾರೆ. ಎರಡರ ಸದ್ದೂ ಹತ್ತಿರ ಹತ್ತಿರ ಇದ್ದುದರಿಂದ ಅರ್ಥಗಳೂ ಬೆರೆತುಹೋದವು.

ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಬಂದಾಗ ಈ ಶಬ್ದ ಯಾರನ್ನೂ ಮೋಸ ಮಾಡುವುದಿಲ್ಲ. ಸಾಮಾನ್ಯವಾಗಿ ಅದರ ಬೆನ್ನಿಗೆ ಒಂದು ಪುಟ್ಟ ಪದ ಬರುತ್ತದೆ. ‘ಸೆಟಲ್ ಆನ್’ ಎಂದರೆ ಆಸ್ತಿಯನ್ನು ಒಬ್ಬರ ಹೆಸರಿಗೆ ನೆಲೆಗೊಳಿಸುವುದು. ‘ಸೆಟಲ್ ವಿತ್’ ಎಂದರೆ ಒಬ್ಬರ ಜೊತೆ ಲೆಕ್ಕವನ್ನೋ ವ್ಯಾಜ್ಯವನ್ನೋ ಮುಗಿಸುವುದು. ‘ಸೆಟಲ್ ಇನ್’ ಎಂದರೆ ಒಂದು ಕಡೆ ಬಿಡಾರ ಹೂಡುವುದು. ‘ಸೆಟಲ್ ಫಾರ್’ ಎಂದರೆ ಕೇಳಿದಷ್ಟು ಸಿಗದೆ ಸಿಕ್ಕಿದ್ದಕ್ಕೆ ಒಪ್ಪುವುದು. ಅದೇ ಕ್ರಿಯಾಪದ ‘ಸೆಟಲ್‌ಮೆಂಟ್’ ಎಂಬ ನಾಮಪದವಾಗಿ ಒಂದು ಕಾಗದದ ತಲೆಯ ಮೇಲೆ ಕೂತ ಕೂಡಲೇ ಆ ಪುಟ್ಟ ಪದಗಳೆಲ್ಲ ಉದುರಿಹೋಗುತ್ತವೆ. ಕನ್ನಡಿಗರಾದ ನಮಗೆ ಅದನ್ನು ಮರಳಿ ಹುಡುಕುವುದು ಕಷ್ಟವಲ್ಲ, ವಿಭಕ್ತಿ ಹಾಕಿ ಕೇಳಿದರೆ ಆಯಿತು: ಯಾರಿಗೆ? ಯಾರ ಜೊತೆ? ಎಲ್ಲಿ? ಯಾವುದನ್ನು? ನಿಮ್ಮ ಕಟ್ಟಿನ ಒಂದೊಂದು ಕಾಗದವನ್ನೂ ಹಾಗೆ ಕೇಳುತ್ತಾ ಹೋಗೋಣ.

ಮೊದಲನೆಯದು ಸೆಟಲ್‌ಮೆಂಟ್ ರಿಜಿಸ್ಟರು. ಇಲ್ಲಿ ಪ್ರಶ್ನೆ ‘ಯಾವುದನ್ನು?’ ಎಂಬುದು. ನಿಗದಿಯಾದದ್ದು ತೀರ್ವೆ, ಅಂದರೆ ಭೂಕಂದಾಯ. ಬಂಗಾಳದಲ್ಲಿ 1793ರಲ್ಲಿ ಕಾರ್ನ್‌ವಾಲಿಸ್ ಜಮೀನ್ದಾರರ ಜೊತೆ ಮಾಡಿದ ‘ಪರ್ಮನೆಂಟ್ ಸೆಟಲ್‌ಮೆಂಟ್’ ಶಾಲೆಯ ಪಾಠದಲ್ಲಿ ಬರುತ್ತದೆ, ಕನ್ನಡದ ಪಾಠಪುಸ್ತಕ ಅದನ್ನು ಖಾಯಂ ಜಮೀನ್ದಾರಿ ಪದ್ಧತಿ ಎನ್ನುತ್ತದೆ. ನಮ್ಮ ಕಡೆ ಜಮೀನ್ದಾರಿ ಬರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು, ಥಾಮಸ್ ಮನ್ರೊ ಇಲ್ಲಿಯ ಮೊದಲ ಕಲೆಕ್ಟರ್ ಆಗಿ ಬಂದ. ಭೂಮಿ ಇಟ್ಟುಕೊಂಡವನ ಜೊತೆ ಸರಕಾರ ನೇರವಾಗಿ ತೀರ್ವೆ ಗೊತ್ತುಮಾಡುವ ರೈತವಾರಿ ಪದ್ಧತಿಯೊಂದಿಗೆ ಅವನ ಹೆಸರು ಸೇರಿಕೊಂಡಿದೆ. ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಯನ್ನು ಗ್ರಾಮ ಗ್ರಾಮವಾಗಿ ಸರ್ವೆ ಮಾಡಿ, ಒಂದೊಂದು ಸರ್ವೆ ನಂಬ್ರಕ್ಕೂ ಇಷ್ಟು ತೀರ್ವೆ ಎಂದು ಬರೆದಿಟ್ಟ ಪುಸ್ತಕವೇ ಸೆಟಲ್‌ಮೆಂಟ್ ರಿಜಿಸ್ಟರು. ಕಾಸರಗೋಡು ತಾಲೂಕು 1956ರ ಅಕ್ಟೋಬರ್ ಕೊನೆಯವರೆಗೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡಕ್ಕೇ ಸೇರಿತ್ತಲ್ಲ, ಹಾಗಾಗಿ ನಮ್ಮ ಹಳೆಯ ದಾಖಲೆಗಳೂ ಮಂಗಳೂರು ಕಡೆಯ ದಾಖಲೆಗಳೂ ಒಂದೇ ಅಚ್ಚಿನವು.

ನಿಮ್ಮಲ್ಲಿರುವ ನಕಲನ್ನು ಎಡದಿಂದ ಬಲಕ್ಕೆ ಓದಿ. ಮೊದಲು ಸರ್ವೆ ನಂಬ್ರ ಮತ್ತು ಸಬ್‌ಡಿವಿಜನ್. ಆಮೇಲೆ ಸರಕಾರಿಯೋ ಇನಾಮೋ. ಅದರ ನಂತರ ನಂಜ (ನೀರಿನ ಗದ್ದೆ), ಪುಂಜ (ಖುಷ್ಕಿ), ಬಾಗಾಯ್ತು (ತೋಟ) ಇವುಗಳಲ್ಲಿ ಯಾವುದು. ಮುಂದೆ ಮಣ್ಣಿನ ಜಾತಿ ಮತ್ತು ‘ತರಂ’, ಎಕ್ರೆಗೆ ದರ, ಎಕ್ರೆ–ಸೆಂಟ್ಸ್ ಲೆಕ್ಕದಲ್ಲಿ ವಿಸ್ತೀರ್ಣ, ರೂಪಾಯಿ–ಆಣೆಯಲ್ಲಿ ತೀರ್ವೆ, ಕೊನೆಗೆ ಪಟ್ಟೆದಾರನ ಹೆಸರು. ಇಡೀ ಸಾಲು ಹೇಳುವುದು ಒಂದೇ ಮಾತು: ಈ ತುಂಡು ಭೂಮಿಯಿಂದ ಸರಕಾರಕ್ಕೆ ವರ್ಷಕ್ಕೆ ಎಷ್ಟು ಬರಬೇಕು, ಯಾರಿಂದ ಬರಬೇಕು. ‘ತರಂ’ ಎಂಬುದು ಮಣ್ಣಿನ ದರ್ಜೆ, ದರ ನಿಲ್ಲುವುದು ಅದರ ಮೇಲೆ. ಬಾಗಾಯ್ತು ಎಂದಿದ್ದರೆ ಆ ಕಾಲಕ್ಕಾಗಲೇ ಅಲ್ಲಿ ತೋಟ ಇತ್ತು ಎಂದು ಅರ್ಥ. ಅಜ್ಜನ ಅಜ್ಜ ಅಡಿಕೆ ನೆಟ್ಟಿದ್ದರೋ ಇಲ್ಲವೋ ಎಂಬ ಚರಿತ್ರೆ ಕೂಡ ಆ ಒಂದು ಕಾಲಮಿನಲ್ಲಿ ಸಿಗುತ್ತದೆ. ಮಕ್ಕಳಿಗಾಗಿ ಮಾಡುವ ಪಟ್ಟಿಯಲ್ಲಿ ಇದನ್ನು ಬಿಡದೆ ಬರೆಯಿರಿ.

ಈ ರಿಜಿಸ್ಟರಿನಲ್ಲಿ ಹೆಸರು ಇದೆ ಎಂದಾಕ್ಷಣ ಜಾಗ ಅವರದ್ದೇ ಎಂದು ಹೇಳಲು ಬರುವುದಿಲ್ಲ. ಕಂದಾಯ ದಾಖಲೆ ಇರುವುದು ಕಂದಾಯಕ್ಕಾಗಿ, ಅದರಿಂದ ಮಾಲಕತ್ವ ಹುಟ್ಟುವುದೂ ಇಲ್ಲ ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ನಮ್ಮ ಊರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆ ಹೆಸರು ವರ್ಗದಾರನದ್ದು, ಅಂದರೆ ಸರಕಾರಕ್ಕೆ ತೀರ್ವೆ ಕಟ್ಟುತ್ತಿದ್ದ ಧಣಿಯದ್ದು ಇರಬಹುದು, ಗೇಣಿಗೆ ದುಡಿದವನದ್ದಲ್ಲ. ಕೇರಳ ಭೂಸುಧಾರಣಾ ಕಾಯಿದೆಯ ಪ್ರಕಾರ 1970ರ ಜನವರಿ 1ಕ್ಕೆ ಗೇಣಿದಾರರ ಕೈಯಲ್ಲಿದ್ದ ಭೂಮಿಯ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಹೋಯಿತು, ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲ್ ಮೂಲಕ ಕ್ರಯ ಸರ್ಟಿಫಿಕೇಟು ಪಡೆದರು. ಜನ ಅದನ್ನು ಪಟ್ಟಯ ಎನ್ನುತ್ತಾರೆ. ಹಾಗಾಗಿ ರಿಜಿಸ್ಟರಿನ ಹೆಸರಿಗೂ ಇವತ್ತಿನ ಹಕ್ಕಿಗೂ ನಡುವೆ ಒಂದು ಪಟ್ಟಯ ಇದೆಯೇ ಎಂದು ಕಟ್ಟಿನಲ್ಲಿ ಹುಡುಕಿ. ಕುಮ್ಕಿ ಜಾಗವಿದ್ದರೆ ಅದನ್ನೂ ಬೇರೆಯಾಗಿ ಗುರುತು ಮಾಡಿ. ವರ್ಗ ಭೂಮಿಯ ಪಕ್ಕದ ಕುಮ್ಕಿಯಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು ವರ್ಗದಾರನಿಗೆ ಇತ್ತು, ಭೂಮಿ ಮಾತ್ರ ಸರಕಾರದ್ದು.

ಹಾಗಾದರೆ ಈ ಸೆಟಲ್‌ಮೆಂಟಿಗೆ ಕನ್ನಡ ಏನು? ಕರ್ನಾಟಕದ ಇಲಾಖೆ ತನ್ನ ಹೆಸರಿನಲ್ಲಿ ‘ಕಂದಾಯ ವ್ಯವಸ್ಥೆ’ ಎಂದು ಇಟ್ಟುಕೊಂಡಿದೆ. ನನಗೆ ‘ತೀರ್ವೆ ನಿಗದಿ’ ಎಂಬುದು ಹೆಚ್ಚು ಸರಿ ಕಾಣುತ್ತದೆ, ನಮ್ಮ ಜನರ ಬಾಯಲ್ಲೇ ಇರುವ ಮಾತು. ವಿಲ್ಲೇಜ್ ಆಫೀಸಿಗೆ ಹೋಗುವವರು ಇವತ್ತಿಗೂ “ತೀರ್ವೆ ಕಟ್ಟಿ ಬಂದೆ” ಎಂದೇ ಹೇಳುವುದು. ಒಂದು ಮಾತು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ತೀರ್ವೆ ಹುಟ್ಟಿದ್ದು ‘ತೀರು’ ಎಂಬ ಧಾತುವಿನಿಂದ. ಅದೇ ಧಾತುವಿನಿಂದ ಕೋರ್ಟಿನ ತೀರ್ಪು ಬಂತು, ಸಾಲ ತೀರಿಸುವುದು ಬಂತು, ಕೊನೆಗೆ ತೀರಿಕೊಂಡರು ಎಂಬುದೂ ಬಂತು. ಗಡಿಯ ಆಚೆ ಮಲಯಾಳದಲ್ಲಿ ಕ್ರಯಪತ್ರಕ್ಕೆ ತೀರಾಧಾರ ಎನ್ನುತ್ತಾರೆ, ಅಂದರೆ ಪೂರ್ತಿ ತೀರಿಸಿ ಕೊಟ್ಟ ಆಧಾರ. ಕಂದಾಯ ನಿಗದಿ, ವ್ಯಾಜ್ಯದ ನಿರ್ಣಯ, ಸಾಲದ ಚುಕ್ತಾ ಈ ಮೂರನ್ನೂ ಇಂಗ್ಲಿಷ್ ಸೆಟಲ್‌ಮೆಂಟ್ ಎಂಬ ಒಂದೇ ಶಬ್ದದೊಳಗೆ ತುಂಬಿಟ್ಟಿದೆ. ನಮ್ಮ ದ್ರಾವಿಡ ಭಾಷೆಗಳು ಒಂದೇ ಬೇರಿನಿಂದ ಮೂರು ಬೇರೆ ಬೇರೆ ಶಬ್ದ ಬೆಳೆಸಿಕೊಂಡಿವೆ. ಬೇರು ಒಂದೇ ಆದರೂ ತೀರ್ವೆಯನ್ನು ತೀರ್ಪು ಎಂದು ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಎರಡನೆಯದು, ನಿಮ್ಮ ಮನೆಯಲ್ಲಿ ಮಾತಿಗೆ ಕಾರಣವಾದ ಡೀಡ್. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಯಾರಿಗೆ?’ ಅಜ್ಜನಿಂದ ಅಪ್ಪನಿಗೆ. ಇಂಗ್ಲಿಷಿನ ‘ಸೆಟಲ್ ಆನ್’ ಇದೇ. 1701ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸಿಂಹಾಸನ ಮುಂದೆ ಹ್ಯಾನೊವರಿನ ಸೋಫಿಯಾಳಿಗೂ ಅವಳ ಪ್ರೊಟೆಸ್ಟೆಂಟ್ ಸಂತತಿಗೂ ಹೋಗಬೇಕೆಂದು ಗೊತ್ತುಮಾಡಿ ಮಾಡಿದ ಕಾಯಿದೆಗೆ ‘ಆ್ಯಕ್ಟ್ ಆಫ್ ಸೆಟಲ್‌ಮೆಂಟ್’ ಎಂದು ಹೆಸರು. ಅಲ್ಲಿ ರಾಜಿಯ ಸುಳಿವೂ ಇಲ್ಲ, ಇದು ಇಂಥವರಿಗೆ ಸಲ್ಲಬೇಕು ಎಂಬ ಕಟ್ಟುಪಾಡು ಅಷ್ಟೇ. ನಿಮ್ಮ ಅಜ್ಜ ಮಾಡಿದ್ದೂ ಅದನ್ನೇ, ಸಿಂಹಾಸನದ ಬದಲು ತೋಟಕ್ಕೆ.

ನಮ್ಮ ದೇಶದ 1899ರ ಸ್ಟಾಂಪು ಕಾಯಿದೆ ಸೆಟಲ್‌ಮೆಂಟ್ ಎಂದರೇನು ಎಂದು ವ್ಯಾಖ್ಯೆ ಕೊಟ್ಟಿದೆ. ವಿಲ್ ಅಲ್ಲದ, ಬರವಣಿಗೆಯಲ್ಲಿರುವ ಆಸ್ತಿ ವಿನಿಯೋಗ. ಅದನ್ನು ಮದುವೆಯ ಪ್ರತಿಫಲವಾಗಿ ಮಾಡಿರಬಹುದು, ಕುಟುಂಬದವರಿಗೆ ಅಥವಾ ತನ್ನನ್ನು ನಂಬಿದವರಿಗೆ ಆಸ್ತಿ ಹಂಚಲು ಮಾಡಿರಬಹುದು, ಧರ್ಮಕಾರ್ಯಕ್ಕೆ ಮಾಡಿರಬಹುದು. ಕೇರಳದ ನೋಂದಣಿ ಕಚೇರಿಯ ಮಲಯಾಳದಲ್ಲಿ ಇದಕ್ಕೆ ‘ಧನನಿಶ್ಚಯ ಆಧಾರ’ ಎಂದು ಹೆಸರು, ನಿಮ್ಮ ಜಾಗದ ಇ.ಸಿ. (ಋಣಭಾರ ಪತ್ರ) ತೆಗೆದರೆ ಆ ಶಬ್ದ ಕಾಣಿಸಬಹುದು. ಕನ್ನಡ ಬಲ್ಲವರು ಅಲ್ಲಿ ಮತ್ತೊಮ್ಮೆ ಎಡವುತ್ತಾರೆ. ಧನ ಎಂದರೆ ದುಡ್ಡು ಎಂದುಕೊಂಡು, ಯಾವುದೋ ಹಣದ ಒಪ್ಪಂದ ಇರಬೇಕು ಎಂದು ಗಾಬರಿಯಾಗುತ್ತಾರೆ. ಸ್ತ್ರೀಧನ ಎಂಬಲ್ಲಿ ಧನ ಎಂದರೆ ಆಸ್ತಿ ತಾನೇ, ಇಲ್ಲಿಯೂ ಹಾಗೆಯೇ. ಕನ್ನಡದಲ್ಲಿ ‘ವ್ಯವಸ್ಥಾಪತ್ರ’ ಎಂದು ಬರೆಯಬಹುದು. ನಿಮ್ಮ ಪಟ್ಟಿಯಲ್ಲಿ ‘ಅಜ್ಜ ಅಪ್ಪನಿಗೆ ಬರೆದುಕೊಟ್ಟ ವ್ಯವಸ್ಥಾಪತ್ರ (ಧನನಿಶ್ಚಯ)’ ಎಂದು ಎರಡನ್ನೂ ಹಾಕಿ. ಆಫೀಸಿನಲ್ಲಿ ಕೇಳುವಾಗ ಮಲಯಾಳದ ಹೆಸರು ಕೆಲಸಕ್ಕೆ ಬರುತ್ತದೆ.

ಎಲ್ಲರ ಸಹಿ ಏಕೆ ಬೇಡ? ಪ್ರತಿಫಲವಿಲ್ಲದೆ ಆಸ್ತಿ ಕೊಡುವುದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಕೇಳುವುದು ಕೊಡುವವರ ಸಹಿ ಇರುವ ನೋಂದಾಯಿತ ಪತ್ರ, ಕನಿಷ್ಠ ಇಬ್ಬರು ಸಾಕ್ಷಿಗಳು, ಮತ್ತು ಕೊಡುವವರು ಬದುಕಿರುವಾಗಲೇ ಪಡೆಯುವವರ ಸ್ವೀಕಾರ. ಸ್ವೀಕಾರಕ್ಕೆ ಪಡೆಯುವವರ ಸಹಿ ಡೀಡಿನ ಮೇಲೆ ಇರಲೇಬೇಕೆಂದಿಲ್ಲ. ಜಾಗ ತನ್ನ ಸ್ವಾಧೀನಕ್ಕೆ ತೆಗೆದುಕೊಂಡದ್ದು, ಪೋಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ತನ್ನ ಹೆಸರಿನಲ್ಲಿ ತೀರ್ವೆ ಕಟ್ಟಿದ್ದು ಇವೆಲ್ಲ ಸ್ವೀಕಾರದ ಗುರುತು. ಅಪ್ಪ 1978ರಿಂದ ಈಚೆಗೆ ಕಟ್ಟಿದ ತೀರ್ವೆ ರಶೀದಿಗಳು ಕಟ್ಟಿನಲ್ಲಿದ್ದರೆ ಅವನ್ನು ಡೀಡಿನ ಜೊತೆಯೇ ಇಡಿ, ಹಳೆಯ ಚೀಟಿಗಳೆಂದು ಎಸೆಯಬೇಡಿ. ಚಿಕ್ಕಪ್ಪನಾಗಲಿ ಅತ್ತೆಯಾಗಲಿ ಅದಕ್ಕೆ ಸಹಿ ಹಾಕುವ ಪಕ್ಷಗಾರರೇ ಅಲ್ಲ.

ಡೀಡಿನ ಒಳಗೆ ನೀವು ನಿಜವಾಗಿ ಹುಡುಕಬೇಕಾದ್ದು ಬೇರೆ. ಹಕ್ಕು ಯಾವಾಗಿನಿಂದ ಬಂತು ಎಂಬ ವಾಕ್ಯ ಎಲ್ಲಿದೆ ನೋಡಿ. ‘ಇಂದಿನಿಂದಲೇ’ ಹಕ್ಕು ನಿನಗೆ ಸೇರಿದೆ ಎಂದಿದ್ದರೆ ಅದು ವ್ಯವಸ್ಥಾಪತ್ರ. ‘ನನ್ನ ಕಾಲಾನಂತರ’ ಸೇರತಕ್ಕದ್ದು ಎಂದು ಮಾತ್ರ ಇದ್ದರೆ, ತಲೆಯ ಮೇಲೆ ಸೆಟಲ್‌ಮೆಂಟ್ ಎಂದು ಬರೆದಿದ್ದರೂ ಕೋರ್ಟು ಅದನ್ನು ವಿಲ್ ಎಂದು ಓದಬಹುದು. ಕೋರ್ಟು ನೋಡುವುದು ತಲೆಬರಹವನ್ನಲ್ಲ, ಒಳಗಿನ ಒಕ್ಕಣೆಯನ್ನು. ವಿಲ್ಲನ್ನು ಬರೆದವರು ಬದುಕಿರುವಷ್ಟು ದಿನ ಬದಲಿಸಬಹುದು. ವ್ಯವಸ್ಥಾಪತ್ರವನ್ನು ಮನಸ್ಸು ಬದಲಾಯಿತೆಂದು ಒಬ್ಬರೇ ಹೋಗಿ ರದ್ದುಮಾಡಲು ಬರುವುದಿಲ್ಲ. ಅಜ್ಜ ‘ನಾನು ಜೀವಿಸಿರುವವರೆಗೆ ಉತ್ಪತ್ತಿ ಅನುಭವಿಸುವ ಹಕ್ಕು ನನಗಿರತಕ್ಕದ್ದು’ ಎಂದು ಸೇರಿಸಿದ್ದರೆ ಹೆದರಬೇಕಾಗಿಲ್ಲ. ಹಕ್ಕನ್ನು ಕೊಟ್ಟು ಅನುಭೋಗವನ್ನು ಮಾತ್ರ ಉಳಿಸಿಕೊಳ್ಳುವುದು ನಮ್ಮ ಹಿರಿಯರು ಸಾಮಾನ್ಯವಾಗಿ ಮಾಡುತ್ತಿದ್ದ ಜಾಣತನ, ಅದರಿಂದ ಡೀಡ್ ವಿಲ್ ಆಗುವುದಿಲ್ಲ. ಇನ್ನೊಂದು ಸುಲಭದ ಗುರುತು ನೋಂದಣಿ ಷರಾದಲ್ಲೇ ಇದೆ. ಸ್ಥಿರಾಸ್ತಿಯ ವಿಲ್ ಅಲ್ಲದ ಪತ್ರಗಳು ನೋಂದಣಿ ಕಚೇರಿಯ 1ನೆಯ ಪುಸ್ತಕಕ್ಕೆ ಹೋಗುತ್ತವೆ, ವಿಲ್ಲುಗಳು 3ನೆಯ ಪುಸ್ತಕಕ್ಕೆ. ಡೀಡಿನ ಬೆನ್ನಿಗೆ ಯಾವ ಪುಸ್ತಕದ ನಂಬ್ರ ಇದೆ ನೋಡಿ, ಅಂದು ಅದನ್ನು ಏನೆಂದು ತಿಳಿದು ನೋಂದಾಯಿಸಿದರು ಎಂಬುದು ಗೊತ್ತಾಗುತ್ತದೆ.

ಈಗ ಅಜ್ಜನ ಹಕ್ಕಿನ ಮಾತು. ನಿಮ್ಮ ಚಿಕ್ಕಪ್ಪನ ಮಗ ಸಹಿಯ ಬದಲು ಈ ಪ್ರಶ್ನೆ ಎತ್ತಿದ್ದರೆ ನಾನು ತಲೆದೂಗುತ್ತಿದ್ದೆ. ಕೊಡುವವರು ತಮ್ಮದನ್ನು ಮಾತ್ರ ಕೊಡಬಹುದು. ಜಾಗ ಅಜ್ಜನ ಸ್ವಯಾರ್ಜಿತವಾಗಿದ್ದರೆ ಪೂರ್ತಿ ಕೊಡಲು ಅಡ್ಡಿಯಿಲ್ಲ. ಕುಟುಂಬದ್ದಾಗಿದ್ದರೆ, ಕೇರಳದ 1975ರ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದಿತ್ತು, ನಿಮ್ಮ ಡೀಡ್ ಅದರ ನಂತರದ್ದು. ಆ ಕಾಯಿದೆ ಕುಟುಂಬದ ಆಸ್ತಿ ಭಾಗವಾದಂತೆಯೇ ಎಂದು ಭಾವಿಸಿ ಸದಸ್ಯರಿಗೆ ಅವರವರ ಪಾಲು ಎಂದಿತು. ಹಾಗಿದ್ದರೆ ಅಜ್ಜ ಬರೆದುಕೊಡಬಹುದಾಗಿದ್ದದ್ದು ಅವರ ಪಾಲನ್ನು ಮಾತ್ರ. ಜಾಗ ಅಜ್ಜನಿಗೆ ಹೇಗೆ ಬಂತು ಎಂಬುದನ್ನು ಡೀಡಿನ ಮೊದಲ ಪ್ಯಾರಾದಲ್ಲಿ ಬರೆದಿರುತ್ತಾರೆ. ಕ್ರಯಕ್ಕೆ ಬಂದದ್ದೋ, ಪಾಲುಪಟ್ಟಿಯಲ್ಲಿ ಬಂದದ್ದೋ, ಪಟ್ಟಯವೋ. ಆ ಪ್ಯಾರಾವನ್ನೂ ಅದರಲ್ಲಿ ಹೇಳಿದ ಹಿಂದಿನ ಆಧಾರವನ್ನೂ ಒಬ್ಬ ವಕೀಲರಿಗೆ ತೋರಿಸಿ. ಇದನ್ನು ಕಾಗದ ನೋಡದೆ ಹೇಳಿಬಿಡುವುದು ಯಾರಿಗೂ ಸಲ್ಲದು.

ಚಿಕ್ಕಪ್ಪನ ಮಗನ ಮನಸ್ಸಿನಲ್ಲಿರುವುದು ‘ಸೆಟಲ್ ವಿತ್’. ಆ ಅರ್ಥದ ಸೆಟಲ್‌ಮೆಂಟೂ ಕುಟುಂಬಗಳಲ್ಲಿ ಇದೆ, ಅದಕ್ಕೆ ‘ಫ್ಯಾಮಿಲಿ ಸೆಟಲ್‌ಮೆಂಟ್’ ಎನ್ನುತ್ತಾರೆ. ಅದು ಪಾಲಿನ ತಕರಾರು ಇದ್ದವರು ಒಟ್ಟಿಗೆ ಕೂತು ಮಾಡಿಕೊಂಡ ಕುಟುಂಬ ಒಪ್ಪಂದ, ಅಲ್ಲಿ ಸಂಬಂಧಪಟ್ಟ ಎಲ್ಲರ ಒಪ್ಪಿಗೆ ಬೇಕೇ ಬೇಕು. 1976ರ ಕಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಒಪ್ಪಂದ ಬಾಯಿಮಾತಿನಲ್ಲೂ ಆಗಬಹುದು, ಆಗಿಹೋದ ಒಪ್ಪಂದವನ್ನು ನೆನಪಿಗೆಂದು ಬರೆದಿಟ್ಟ ಕಾಗದಕ್ಕೆ ನೋಂದಣಿ ಬೇಕಿಲ್ಲ, ಆದರೆ ಆ ಕಾಗದವೇ ಹಕ್ಕು ಸೃಷ್ಟಿಸುವಂತಿದ್ದರೆ ನೋಂದಣಿ ಬೇಕು ಎಂದು ಹೇಳಿತು. ಕೋರ್ಟಿನಲ್ಲಿರುವ ವ್ಯಾಜ್ಯವನ್ನು ಲೋಕ ಅದಾಲತಿನಲ್ಲಿ ಮುಗಿಸುವುದೂ ಇದೇ ಅರ್ಥದ ಸೆಟಲ್‌ಮೆಂಟು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಅದಾಲತಿನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟು ಫೀಸು ವಾಪಸು ಸಿಗುತ್ತದೆ. ‘ರಾಜಿ’, ‘ಇತ್ಯರ್ಥ’ ಎಂಬ ನಿಮ್ಮ ಶಬ್ದಗಳು ಸರಿಯಾಗಿ ಕೂರುವುದು ಇಲ್ಲಿ.

ಮೂರನೆಯದು ಬ್ಯಾಂಕಿನ ಪತ್ರ. ‘ಯಾರ ಜೊತೆ?’ ಬ್ಯಾಂಕಿನ ಜೊತೆ. ಕನ್ನಡದಲ್ಲಿ ‘ಒಂದಾವರ್ತಿ ತೀರುವಳಿ’ ಎಂದು ಬರೆಯಿರಿ. ಬಾಕಿ ಪೂರ್ತಿ ಬರುವ ಲಕ್ಷಣವಿಲ್ಲದಾಗ ಬ್ಯಾಂಕು ಸ್ವಲ್ಪ ಬಿಟ್ಟು, ಇಷ್ಟನ್ನು ಇಂಥ ದಿನಾಂಕದೊಳಗೆ ಕಟ್ಟಿದರೆ ಸಾಲ ಮುಗಿಯಿತು ಎನ್ನುವ ಒಪ್ಪಂದ ಇದು. ಪತ್ರ ಬಂದ ಮಾತ್ರಕ್ಕೆ ಸಾಲ ತೀರಲಿಲ್ಲ. ಕಟ್ಟಬೇಕಾದ ಕೊನೆಯ ದಿನ ದಾಟಿದರೆ ಹಳೆಯ ಬಾಕಿ ಬಡ್ಡಿ ಸಮೇತ ಎದ್ದು ಕೂರಬಹುದು, ಆದ್ದರಿಂದ ಅಪ್ಪ ಆ ಮೊತ್ತ ಕಟ್ಟಿದ ರಶೀದಿ ಇದೆಯೇ ಎಂದು ಇವತ್ತೇ ಹುಡುಕಿ. ಕಟ್ಟಿದ್ದರೆ ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಸರ್ಟಿಫಿಕೇಟನ್ನೂ ಅಡವಿಟ್ಟ ಆಧಾರವನ್ನೂ ಕೇಳಿ ಪಡೆಯಿರಿ. ಇದೇ ಶಬ್ದ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಕಂಡರೆ ಹಿಗ್ಗಬೇಡಿ. ಅಲ್ಲಿ ‘ಕ್ಲೋಸ್ಡ್’ ಎಂದರೆ ಸಾಲ ಪೂರ್ತಿ ಕಟ್ಟಿ ಮುಗಿಸಿದವರು, ‘ಸೆಟಲ್ಡ್’ ಎಂದರೆ ಕಡಿಮೆ ಕಟ್ಟಿ ಮುಗಿಸಿದವರು. ಮುಂದೆ ಸಾಲ ಕೊಡುವವರು ಎರಡನೆಯದನ್ನು ಕಪ್ಪು ಗುರುತಾಗಿಯೇ ನೋಡುತ್ತಾರೆ. ರಿಸರ್ವ್ ಬ್ಯಾಂಕು 2023ರ ಜೂನಿನಲ್ಲಿ ಕೊಟ್ಟ ನಿಯಮದಂತೆ ರಾಜಿಯಲ್ಲಿ ಮುಗಿದ ಸಾಲದವರಿಗೆ, ಕೃಷಿ ಸಾಲವನ್ನು ಬಿಟ್ಟು ಉಳಿದವುಗಳಲ್ಲಿ, ಅದೇ ಬ್ಯಾಂಕು ಹೊಸ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿ ಸಾಲಕ್ಕೆ ಎಷ್ಟು ಎಂಬುದನ್ನು ಆಯಾ ಬ್ಯಾಂಕೇ ಗೊತ್ತುಮಾಡುತ್ತದೆ. ಇಂಗ್ಲಿಷಿನ ‘ಸೆಟಲ್ ಫಾರ್’ ಎಂಬ ಅರ್ಥ, ಸಿಕ್ಕಿದ್ದಕ್ಕೆ ಒಪ್ಪಿಕೊಂಡದ್ದು, ಈ ಕಾಗದದ ಹಿಂದೆ ನಿಂತಿದೆ.

ತಮ್ಮನ ಫೈನಲ್ ಸೆಟಲ್‌ಮೆಂಟ್ ಹಾಗಲ್ಲ. ಅಲ್ಲಿ ಬಿಟ್ಟುಕೊಡುವ ಮಾತಿಲ್ಲ, ದುಡಿದದ್ದರ ಕೊನೆಯ ಲೆಕ್ಕ. ‘ಅಂತಿಮ ಲೆಕ್ಕ ಚುಕ್ತಾ’ ಎಂದರೆ ಸಾಕು. ಉಳಿದ ಸಂಬಳ, ತೆಗೆದುಕೊಳ್ಳದ ರಜೆಯ ಹಣ, ಗ್ರಾಚ್ಯುಟಿ ಎಲ್ಲ ಅದರಲ್ಲಿ ಬರಬೇಕು. ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ಒಂದು ವರ್ಷ ದಾಟಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲ ಸಂಬಳ ಗ್ರಾಚ್ಯುಟಿಯಾಗಿ ಸಿಗಬೇಕು, ಒಟ್ಟು ಮೊತ್ತ ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಲೆಕ್ಕ ಹಿಡಿಯುವುದು ಬೇಸಿಕ್ ಮೇಲೆ. ಕೈಗೆ 3,000 ದಿರ್ಹಂ ಬರುತ್ತಿದ್ದರೂ ಕರಾರಿನಲ್ಲಿ ಬೇಸಿಕ್ 1,500 ಎಂದಿದ್ದರೆ ದಿನಕ್ಕೆ 50 ದಿರ್ಹಂ ಮಾತ್ರ. ಆರು ವರ್ಷ ದುಡಿದಿದ್ದರೆ ಮೊದಲ ಐದು ವರ್ಷಕ್ಕೆ 5,250, ಆರನೆಯ ವರ್ಷಕ್ಕೆ 1,500, ಒಟ್ಟು 6,750 ದಿರ್ಹಂ. ತಮ್ಮನ ಚೀಟಿಯ ಅಂಕಿಯನ್ನು ಹೀಗೆ ತಾಳೆ ನೋಡಿ. ಕೆಲಸ ಮುಗಿದ 14 ದಿನದೊಳಗೆ ಹಣ ಕೊಡಬೇಕು ಎಂದೂ ಕಾನೂನಿದೆ. ದುಬೈಯೊಳಗೇ ಹಣಕಾಸು ಕೇಂದ್ರದಂಥ ಕೆಲವು ವಲಯಗಳಿಗೆ ನಿಯಮ ಬೇರೆ, ಅವನ ಕಂಪೆನಿ ಎಲ್ಲಿಯದು ಎಂದು ಕೇಳಿಕೊಳ್ಳಿ. ಚೀಟಿಯ ಕೆಳಗೆ ‘ನನಗೆ ಬರಬೇಕಾದ್ದೆಲ್ಲ ಬಂದಿದೆ, ಮುಂದೆ ಯಾವ ಬೇಡಿಕೆಯೂ ಇಲ್ಲ’ ಎಂಬ ಒಂದು ಸಾಲು ಇರುತ್ತದೆ. ಹಣ ಖಾತೆಗೆ ಬೀಳುವ ಮೊದಲು ಅದಕ್ಕೆ ಸಹಿ ಹಾಕುವುದು ಬೇಡ ಎಂದು ಅವನಿಗೆ ಹೇಳಿ. ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ವಿಮಾನದ ಅವಸರದಲ್ಲಿ ಅದನ್ನು ಓದದೆ ಸಹಿ ಹಾಕಿ ಬರುತ್ತಾರೆ, ಇದು ನನಗೆ ನಿಜಕ್ಕೂ ನೋವಿನ ವಿಷಯ.

ನಿಮ್ಮ ಕಟ್ಟಿನಲ್ಲಿ ‘ಎಲ್ಲಿ?’ ಎಂದು ಕೇಳಿಸಿಕೊಳ್ಳುವ ಸೆಟಲ್‌ಮೆಂಟ್ ಇಲ್ಲ, ಆದರೂ ಎದುರಾದರೆ ಗುರುತು ಇರಲಿ. ಹಳೆಯ ಕಾಗದದಲ್ಲಿ ಪೆನಾಂಗ್ ಅಥವಾ ಸಿಂಗಾಪುರದ ವಿಳಾಸದ ಮುಂದೆ ‘ಎಸ್.ಎಸ್.’ ಎಂದಿದ್ದರೆ ಅದು ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್, 1826ರಿಂದ 1946ರವರೆಗೆ ಇದ್ದ ಬ್ರಿಟಿಷ್ ವಸಾಹತು. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಾಡಿಗೆ ತೆಂಕಣ ಕೇರಳದಿಂದ ಬಂದು ನೆಲೆಸಿದವರ ರಾಜಪುರ 1943ರ ಸೆಟಲ್‌ಮೆಂಟು, ಮಲಯಾಳದಲ್ಲಿ ಕುಡಿಯೇಟ್ಟ ಎನ್ನುತ್ತಾರೆ, ಕನ್ನಡಕ್ಕೆ ‘ವಲಸೆ ನೆಲೆ’ ಒಗ್ಗುತ್ತದೆ. ಆದರೆ ಸೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಒಂದು ಬಡಾವಣೆಗೆ ಜನ ಸೆಟಲ್‌ಮೆಂಟ್ ಎಂದರೆ ಅಲ್ಲಿ ‘ನೆಲೆ’ ಎಂಬ ಮೃದು ಶಬ್ದ ಹಾಕಲು ನನ್ನ ಕೈ ಬರುವುದಿಲ್ಲ. ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಡಿ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿ, ಇಡೀ ಇಡೀ ಸಮುದಾಯಗಳನ್ನು ಬೇಲಿಯೊಳಗೆ ಹಾಜರಿ ತೆಗೆದುಕೊಂಡು ಇಟ್ಟ ಜಾಗಗಳು ಅವು. 1952ರಲ್ಲಿ ಆ ಕಾಯಿದೆ ಹೋಯಿತು, ಹೆಸರು ಉಳಿಯಿತು. ಅಲ್ಲಿಯ ಶಬ್ದವನ್ನು ಅನುವಾದಿಸದೆ ಸೆಟಲ್‌ಮೆಂಟ್ ಎಂದೇ ಇಡಬೇಕು, ಏನಾಗಿತ್ತು ಎಂಬುದನ್ನು ಪಕ್ಕದಲ್ಲಿ ಹೇಳಬೇಕು.

ಇನ್ನೆರಡು ಕಡೆಯೂ ಈ ಶಬ್ದ ಸಿಗುತ್ತದೆ. ಇಂಜಿನಿಯರರು ಮನೆಗೆ ಸೆಟಲ್‌ಮೆಂಟ್ ಆಗಿದೆ ಎಂದರೆ ಪಂಚಾಂಗ, ಅಂದರೆ ಅಡಿಪಾಯ, ಕೂತಿದೆ ಎಂದು ಅರ್ಥ. ಎಲ್ಲ ಕಡೆ ಸಮನಾಗಿ ಕೂತರೆ ಭಯವಿಲ್ಲ, ಒಂದು ಮೂಲೆ ಮಾತ್ರ ಕೂತರೆ ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಬಿರಿಯುತ್ತದೆ. ಷೇರಿನವರ ಸೆಟಲ್‌ಮೆಂಟ್ ಮಾರಿದ ಷೇರಿಗೆ ಹಣ ಬಂದು ಸೇರುವುದು, 2023ರ ಜನವರಿಯಿಂದ ನಮ್ಮ ದೇಶದಲ್ಲಿ ಅದು ವ್ಯವಹಾರದ ಮಾರನೆಯ ಕೆಲಸದ ದಿನಕ್ಕೆ ಆಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಇನ್ನು ಬರೆಯುವಾಗ ಬರೀ ಶಬ್ದಕ್ಕೆ ಶಬ್ದ ಇಡಬೇಡಿ. ಯಾರಿಂದ, ಯಾರಿಗೆ ಅಥವಾ ಯಾರ ಜೊತೆ, ಯಾವುದರ ಬಗ್ಗೆ, ಯಾವ ದಿನದಿಂದ ಎಂದು ಒಂದು ಪೂರ್ಣ ವಾಕ್ಯ ಬರೆಯಿರಿ. ಡೀಡಿನ ಮೂಲ ಪ್ರತಿ ಬ್ಯಾಂಕಿನಲ್ಲಿ ಅಡವಿದ್ದು ನಿಮ್ಮ ಕೈಯಲ್ಲಿ ಜೆರಾಕ್ಸ್ ಮಾತ್ರ ಇದ್ದರೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆದುಕೊಳ್ಳಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಾವು ಹೆಚ್ಚಾಗಿರುವ ಪ್ರದೇಶದ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅರ್ಜಿಯಲ್ಲಿ ಡೀಡಿನ ನಂಬ್ರ, 1978 ಎಂಬ ವರ್ಷ, 1ನೆಯ ಪುಸ್ತಕ, ಸಂಪುಟ, ಪುಟ ಇವನ್ನು ಷರಾದಲ್ಲಿದ್ದಂತೆ ಎತ್ತಿ ಬರೆದು, ಪತ್ರದ ಸ್ವರೂಪ ಎಂಬಲ್ಲಿ ‘ವ್ಯವಸ್ಥಾಪತ್ರ / ಧನನಿಶ್ಚಯ ಆಧಾರ’ ಎಂದು ಹಾಕಿ.